ಪಲೆಂಕೆಯ ಅರಸನ ಹೆಸರು

ಮೆಕ್ಸಿಕೋ ದೇಶದ ದಕ್ಷಿಣದಲ್ಲಿ, ಚಿಯಾಪಾಸ್ ಸೀಮೆಯ ಬೆಟ್ಟಗಳು ಬಯಲಿಗಿಳಿಯುವ ಅಂಚಿನಲ್ಲಿ, ಪಲೆಂಕೆ ಎಂಬ ಹಾಳೂರೊಂದಿದೆ. ಮಾಯಾ ಜನರು ಕಟ್ಟಿದ ನಗರವಿದು. ಈ ಹೆಸರಿಗೂ ನಮ್ಮ ಪುರಾಣದ ಮಯನಿಗೂ ಯಾವ ನಂಟೂ ಇಲ್ಲವೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಳೆಗಾಡಿನ ಧಗೆಯಲ್ಲಿ, ಮರದ ತುದಿಯಿಂದ ಅಬ್ಬರಿಸುವ ಕಪಿಗಳ ಕೂಗನ್ನು ಕೇಳುತ್ತ ಬಂದವರಿಗೆ ಹಸಿರು ತೆರೆ ಸರಿದಂತಾಗಿ ಸುಣ್ಣಕಲ್ಲಿನ ಗುಡಿಗಳು ಒಮ್ಮೆಗೇ ಎದುರಾಗುತ್ತವೆ. ಕಲ್ಲಿನ ಕಮಾನಿನಡಿ ತೊರೆಯೊಂದು ಹರಿಯುತ್ತದೆ. ಊರಿನ ಹಳೆಯ ಹೆಸರೇ ಲಕಮ್‌ಹಾ. 'ದೊಡ್ಡ ನೀರು' ಎಂದು ಅರ್ಥ. ಅಗೆದು ತೆಗೆದಿರುವುದು ನಗರದ ಚಿಕ್ಕ ಪಾಲು ಮಾತ್ರ. ಮಿಕ್ಕುದೆಲ್ಲ ಇನ್ನೂ ಬೇರುಗಳ ಕೆಳಗೇ ಇದೆ.

ಆದರೆ ಇಲ್ಲಿ ಆಳಿದವರು ಯಾರು? ಗೋಡೆಗಳ ಮೇಲೆ ಬರಹ ಬೇಕಾದಷ್ಟಿತ್ತು; ಓದುವವರಿರಲಿಲ್ಲ. 1832ರಲ್ಲಿ ಬಂದ ವಾಲ್ಡೆಕ್ ಎಂಬ ಚಿತ್ರಕಾರ ಆ ಅಕ್ಷರಗಳಲ್ಲಿ ಆನೆಯ ತಲೆಗಳನ್ನು ಕಂಡು ಹಾಗೆಯೇ ಚಿತ್ರಿಸಿದ. ಅದೂ ಆನೆಯೇ ಇಲ್ಲದ ನಾಡಿನಲ್ಲಿ! 1840ರಲ್ಲಿ ಬಂದ ಅಮೆರಿಕದ ಸ್ಟೀಫನ್ಸ್ ಹೆಚ್ಚು ವಿವೇಕಿಗಳು. ಇಂಥ ನಗರಗಳನ್ನು ಕಟ್ಟಿದವರು ಎಲ್ಲಿಂದಲೋ ಬಂದವರಲ್ಲ, ಈ ನೆಲದವರ ಪೂರ್ವಿಕರೇ ಎಂದು ಅವರು ಸಾರಿದರು. ಆದರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ, ಈ ಶಾಸನಗಳಲ್ಲಿ ಪಂಚಾಂಗ, ಗ್ರಹಗತಿ, ದೇವತೆಗಳ ವಿಷಯವಲ್ಲದೆ ಮನುಷ್ಯರ ಸುದ್ದಿಯಿಲ್ಲವೆಂಬುದೇ ಬಹುಮಂದಿ ಪಂಡಿತರ ಮತವಾಗಿತ್ತು. ಜನಾಂಗವೊಂದು ಶತಮಾನಗಳ ಕಾಲ ಬರಿಯ ದಿನಗಳನ್ನೆಣಿಸುತ್ತ ಕುಳಿತಿತ್ತೆಂದು ನಂಬುವುದು ಅವರಿಗೆ ಹೇಗೆ ಸಾಧ್ಯವಾಯಿತೋ!

1952ರಲ್ಲಿ ಎರಡು ಸಂಗತಿಗಳು ನಡೆದವು. ಮೊದಲನೆಯದು ಪಲೆಂಕೆಯಲ್ಲೇ. 'ಶಾಸನಗಳ ಗುಡಿ'ಯ ನೆಲದ ಚಪ್ಪಡಿಯೊಂದರಲ್ಲಿ ಬಿರಟೆ ಹಾಕಿದ ತೂತುಗಳಿದ್ದುದನ್ನು ಪುರಾತತ್ವಜ್ಞ ಆಲ್ಬೆರ್ಟೊ ರುಸ್ ಗಮನಿಸಿದ್ದರು. ಅದನ್ನೆತ್ತಿದಾಗ ಕಲ್ಲುಮಣ್ಣು ತುಂಬಿದ ಮೆಟ್ಟಿಲಸಾಲು ಕಂಡಿತು. ಅದನ್ನು ತೆರವು ಮಾಡುವುದಕ್ಕೆ ನಾಲ್ಕು ವರ್ಷಗಳ ಕೆಲಸ ಬೇಕಾಯಿತು. ತಳದ ಕೋಣೆಯಲ್ಲಿ 3.5 ಮೀಟರಿಗಿಂತ ಉದ್ದವಾದ ಕೆತ್ತನೆಯ ಮುಚ್ಚಳ, ಅದರಡಿಯ ಕಲ್ಲಿನ ತೊಟ್ಟಿಯಲ್ಲಿ ಹಸಿರು ಜೇಡ್ ಕಲ್ಲಿನ ಮುಖವಾಡ ತೊಟ್ಟ ಒಬ್ಬ ಪುರುಷ. (ಆನೆ ಕಂಡವನ ಪರಂಪರೆ ನಿಂತಿಲ್ಲ, 1968ರಲ್ಲಿ ಫಾನ್ ಡೇನಿಕನ್ ಈ ಮುಚ್ಚಳದಲ್ಲಿ ಆಕಾಶನೌಕೆಯನ್ನೇ ಕಂಡರು.)

ಎರಡನೆಯದು ನಡೆದದ್ದು ದೂರದ ಲೆನಿನ್‌ಗ್ರಾಡಿನಲ್ಲಿ. ಅದರ ಬೇರು ಮಾತ್ರ ಯುಕಾಟನ್ನಿನಲ್ಲಿತ್ತು. 1562ರಲ್ಲಿ ಮಾನಿ ಎಂಬಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದ ದಿಯೆಗೊ ದ ಲಾಂಡಾ ಎಂಬ ಪಾದ್ರಿಯೇ, ಮುಂದೆ ಬರೆದ ಗ್ರಂಥದಲ್ಲಿ, ಅವರ 'ಅಕ್ಷರಮಾಲೆ'ಯನ್ನು ದಾಖಲಿಸಿದ್ದ. ಅವನು 'ಬಿ' ಅಕ್ಷರದ ಸ್ಪ್ಯಾನಿಷ್ ಹೆಸರಾದ 'ಬೆ' ಎಂಬುದನ್ನು ಉಚ್ಚರಿಸಿದರೆ ಬರೆಯುವವನು 'ಬೆ' ಎಂಬ ಇಡೀ ಉಲಿಯ ಗುರುತನ್ನು ಬರೆದುಕೊಟ್ಟ. ಕಾಗುಣಿತದಲ್ಲಿ ಬೆಳೆದ ನಮಗೆ ಇದು ಸಹಜ. ಯುರೋಪಿನ ವಿದ್ವಾಂಸರಿಗೆ ಗೊಂದಲ. ಆ ಗುರುತುಗಳು ವ್ಯಂಜನವೂ ಸ್ವರವೂ ಕೂಡಿದ ಅಕ್ಷರಗಳೆಂದು ಯೂರಿ ಕ್ನೋರೊಝೋವ್ 1952ರಲ್ಲಿ ಪ್ರಕಟಿಸಿದರು.

ಗೋರಿಯೂ ಬೀಗದ ಕೈಯೂ ಪರಸ್ಪರ ಕೂಡುವುದಕ್ಕೆ 21 ವರ್ಷ ಹಿಡಿಯಿತು. ಶಾಸನಗಳಲ್ಲಿ ಅರಸರ ಹುಟ್ಟು, ಪಟ್ಟಗಳಿವೆಯೆಂದು ತತಿಯಾನಾ ಪ್ರೊಸ್ಕೂರಿಯಾಕೋವ್ 1960ರಲ್ಲಿ ಬೇರೊಂದು ನಗರದ ಆಧಾರದಿಂದ ತೋರಿಸಿಕೊಟ್ಟಿದ್ದರು. 1973ರ ಡಿಸೆಂಬರಿನಲ್ಲಿ ಪಲೆಂಕೆಯಲ್ಲೇ ಸೇರಿದ್ದ ಗೋಷ್ಠಿಯಲ್ಲಿ ಲಿಂಡಾ ಶೀಲೆ, ಪೀಟರ್ ಮ್ಯಾಥ್ಯೂಸ್, ಫ್ಲಾಯ್ಡ್ ಲೌನ್ಸ್‌ಬರಿ ಇವರು ತಾರೀಖುಗಳನ್ನೂ ಹೆಸರುಗಳನ್ನೂ ಜೋಡಿಸುತ್ತ ಕುಳಿತು ರಾಜವಂಶವೊಂದನ್ನು ಹೊರತೆಗೆದರು. ತೊಟ್ಟಿಯಲ್ಲಿದ್ದವನಿಗೆ ಹೆಸರು ಸಿಕ್ಕಿತು: ಪಕಾಲ್, ಎಂದರೆ ಗುರಾಣಿ. ಶಿಲ್ಪಿ ಒಂದೆಡೆ ಗುರಾಣಿಯ ಚಿತ್ರವನ್ನೇ ಕೆತ್ತಿದ್ದರೆ ಇನ್ನೊಂದೆಡೆ ಪ-ಕಾ-ಲ ಎಂದು ಬಿಡಿಸಿ ಬರೆದಿದ್ದಾನೆ. ಕೊನೆಯ ಸ್ವರ ಉಚ್ಚಾರಕ್ಕಿಲ್ಲ. ಕ್ರಿ.ಶ. 603ರಲ್ಲಿ ಜನನ, 12ನೆಯ ವಯಸ್ಸಿನಲ್ಲಿ ಪಟ್ಟ, 683ರಲ್ಲಿ ಮರಣ. ತಾಯಿ ಸಕ್ ಕುಕ್ ಅವನಿಗೆ ಶಿರೋಭೂಷಣ ನೀಡುವ ಫಲಕ ಅರಮನೆಯಲ್ಲಿದೆ. ಈ ಬರಹಗಳ ಭಾಷೆಯ ಬಳಗಕ್ಕೆ ಸೇರಿದ ಚೋಲ್ ನುಡಿ ಸುತ್ತಲಿನ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು.

ಇದನ್ನು ಒಪ್ಪದವರಲ್ಲಿ ರುಸ್ ಅವರೇ ಮುಂದಾಳು. ಮೂಳೆಗಳನ್ನು ಪರೀಕ್ಷಿಸಿದವರು 40ರಿಂದ 50ರ ವಯಸ್ಸೆಂದಿದ್ದರು. ಶಾಸನ 80 ಎನ್ನುತ್ತಿತ್ತು. ಕಣ್ಣಾರೆ ಕಂಡ ಅಸ್ಥಿಗಿಂತ ಇತರರು ಓದಿದ ಅಕ್ಷರವನ್ನು ನಂಬುವುದು ಅವರಂಥವರಿಗೆ ಸುಲಭವಲ್ಲ. ಅವರ ಹಟದಲ್ಲಿ ನನಗೆ ಗೌರವವೇ ಇದೆ. ಈ ಶತಮಾನದಲ್ಲಿ ಪ್ರಕಟವಾದ ಮರುಪರೀಕ್ಷೆ ಆ ಮೂಳೆಗಳು ಇಳಿವಯಸ್ಸಿನವನವೆಂದು ಹೇಳಿತು. ಅಷ್ಟರಲ್ಲಿ ರುಸ್ ಇರಲಿಲ್ಲ. 1979ರಲ್ಲಿ ತೀರಿಕೊಂಡ ಅವರ ಸಮಾಧಿ ಪಲೆಂಕೆಯಲ್ಲೇ, ಶಾಸನಗಳ ಗುಡಿಗೆ ಎದುರಾಗಿ ಇದೆ.