ಅಬ್ಬಗ, ದಾರಗ, ದೇಮಿಯಕ್ಕ: ತುಳುನಾಡಿನ ಹಳೆಯ ಹೆಣ್ಣುಹೆಸರುಗಳು

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶದ ಹಳೆಯ ಹೆಣ್ಣುಹೆಸರುಗಳು ಎರಡು ದಾರಿಗಳಲ್ಲಿ ಉಳಿದುಬಂದಿವೆ. ಒಂದು, ನಾಟಿಯ ಗದ್ದೆಯಲ್ಲೂ ಆರಾಧನೆಯ ಅಂಗಳದಲ್ಲೂ ಹಾಡುವ ತುಳು ಪಾಡ್ದನ. ಇನ್ನೊಂದು, ಬಸದಿಗಳ ಶಾಸನ ಮತ್ತು ತಾಳೆಗರಿ. ಮೊದಲನೆಯದು ಕಥೆಯ ಹೆಣ್ಣುಗಳ ಹೆಸರನ್ನು ಕಾಪಾಡಿತು, ಎರಡನೆಯದು ದಾನ ಕೊಟ್ಟವರ ಹೆಸರನ್ನು. ದಾನ ಕೊಡುವಷ್ಟು ಇಲ್ಲದವರ ಹೆಸರಿಗೆ ಪಾಡ್ದನವೇ ಗತಿಯಾಯಿತು.

ಸಿರಿಯ ಸಂತತಿ

ಈ ಹೆಸರುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸಿರಿ. ಸಂಸ್ಕೃತದ ‘ಶ್ರೀ’ ಪ್ರಾಕೃತದಲ್ಲಿ ‘ಸಿರಿ’ಯಾಗಿ ಕನ್ನಡಕ್ಕೂ ತುಳುವಿಗೂ ಬಂದಿತು, ಸಂಪತ್ತು, ಶೋಭೆ ಎಂಬುದು ಅದರ ಅರ್ಥ. ಪಾಡ್ದನದ ಸಿರಿ ಪಿಂಗಾರದಿಂದ, ಅಂದರೆ ಅಡಿಕೆಯ ಹೂಗೊಂಚಲಿನಿಂದ ಹುಟ್ಟಿದವಳು. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ಸಿರಿ ಮಹಾಕಾವ್ಯವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರು ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆಗೂಡಿ ದಾಖಲಿಸಿದರು. 1998ರಲ್ಲಿ ಪ್ರಕಟವಾದ ಈ ಪಠ್ಯದಲ್ಲಿ 15,683 ಸಾಲುಗಳಿವೆ. ಇಷ್ಟು ದೀರ್ಘವಾದ ಕಾವ್ಯ ಒಬ್ಬ ಕೃಷಿಕರ ನೆನಪಿನಲ್ಲಿತ್ತು.

ಕಾವ್ಯದಲ್ಲಿ ಮೂರು ತಲೆಮಾರಿನ ಹೆಣ್ಣುಗಳಿದ್ದಾರೆ. ಸಿರಿಯ ಜೊತೆಗಾತಿಯಾದ ಸೇವಕಿ ದಾರು, ಸಿರಿಯ ಮಗಳು ಸೊನ್ನೆ, ಸೊನ್ನೆಯೊಂದಿಗೆ ಬೆಳೆದ ಗಿಂಡೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಚೆನ್ನೆಮಣೆಯ ಆಟದಲ್ಲಿ ಜಗಳವಾಗಿ ಅಬ್ಬಗ ಮಣೆಯಿಂದಲೇ ದಾರಗಳನ್ನು ಹೊಡೆಯುತ್ತಾಳೆ. ತಂಗಿ ಸತ್ತಳೆಂದು ತಿಳಿದು ತಾನೂ ಬಾವಿಗೆ ಹಾರುತ್ತಾಳೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದೆಂಬ ಹಿರಿಯರ ಮಾತು ಈ ಕಥೆಯನ್ನೇ ನೆನಪಿಸುತ್ತದೆ.

ಅಕ್ಕ ಮತ್ತು ಅಬ್ಬೆ

ಹಳೆಯ ಹೆಸರುಗಳ ರಚನೆಯನ್ನು ಬಿಡಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಹೆಸರಿನ ಉತ್ತರಾರ್ಧ ಹೆಚ್ಚಾಗಿ ದೇವತೆಯದಲ್ಲ, ಸಂಬಂಧದ್ದು. ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದಾಗ ಅವನ ರಾಣಿಯರಾದ ಪಾಂಡ್ಯಕ್ಕದೇವಿ ಮತ್ತು ಮಲ್ಲಿದೇವಿ ಅದರ ಬಳಿಯಲ್ಲೇ ಎರಡು ಬಸದಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ಒಂದಕ್ಕೆ ಇಂದಿಗೂ ಅಕ್ಕಂಗಳ ಬಸದಿ ಎಂದೇ ಹೆಸರು.

ಮೂಡುಬಿದಿರೆಯ ಗುರು ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರೂ ಇದೆ. ಧವಲಾ ಮುಂತಾದ ಜೈನ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿಗಳು ಅಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಧವಲೆಯ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದವಳು ದೇಮಿಯಕ್ಕ. ಮಹಾಧವಲೆಯ ಪ್ರತಿಯನ್ನು ಬರೆಯಿಸಿ, ಶ್ರೀಪಂಚಮಿ ವ್ರತದ ಉದ್ಯಾಪನೆಯಲ್ಲಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಮಲ್ಲಿಕಾ ಎಂದರೆ ಮಲ್ಲಿಗೆ. ಅಬ್ಬೆ ಎಂದರೆ ತಾಯಿ. ಶಾಸನಗಳಲ್ಲಿ ಹೇರಳವಾಗಿರುವ ಈ ‘ಅಬ್ಬೆ’ ಕನ್ನಡದ ಬಹುಭಾಗದಲ್ಲಿ ಬಳಕೆ ತಪ್ಪಿದೆ. ಆದರೆ ಬಂಟ್ವಾಳ ತಾಲೂಕಿನ ವಿಟ್ಲದ ಕಡೆಯ ಹವ್ಯಕರ ಮನೆಗಳಲ್ಲಿ ತಾಯಿ ಇನ್ನೂ ಅಬ್ಬೆಯೇ.

ಉಳ್ಳಾಲ, ಪುತ್ತಿಗೆ ಮತ್ತು ಮೂಡುಬಿದಿರೆಗಳಿಂದ ಆಳಿದ ಚೌಟ ವಂಶದ ಅಬ್ಬಕ್ಕನ ಹೆಸರಿನಲ್ಲಿ ಅಬ್ಬೆ, ಅಕ್ಕ ಎರಡೂ ಸೇರಿವೆ ಎಂದು ಬಿಡಿಸಬಹುದು. ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನದ ನಾಡಿನಲ್ಲಿ ರಾಣಿಗೆ ಇಂಥ ಹೆಸರು ಒಪ್ಪುತ್ತದೆ. 1623ರಲ್ಲಿ ಉಳ್ಳಾಲದ ರಾಣಿಯನ್ನು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಲ್ಲೆ ಆಕೆಯ ಹೆಸರನ್ನು ‘ಅಬಗ್’ ಎಂದು ಬರೆದುಕೊಂಡು, ‘ದೇವಿ’ ಎಂಬುದು ಗೌರವಸೂಚಕವೆಂದು ವಿವರಿಸಿದ. ಪರದೇಶಿಯ ಕಿವಿಗೆ ಬಿದ್ದ ಈ ರೂಪ ಪಾಡ್ದನದ ‘ಅಬ್ಬಗ’ಕ್ಕೆ ತೀರ ಹತ್ತಿರವಾಗಿದೆ. ಅಬ್ಬಕ್ಕನೇ ಬಾಯಿಮಾತಿನಲ್ಲಿ ಅಬ್ಬಗಳಾದರೆ, ದಾರು ಎಂಬ ಹೆಸರಿಗೆ ಅಕ್ಕ ಸೇರಿ ದಾರಗಳಾದಳೆಂದು ಊಹಿಸಲು ಅಡ್ಡಿಯಿಲ್ಲ.

ದೇಯಿ ಮತ್ತು ಕಿನ್ನಿದಾರು

ಕೋಟಿ ಚೆನ್ನಯರ ಪಾಡ್ದನದಲ್ಲಿ ಅವಳಿ ವೀರರ ತಾಯಿಗೆ ಎರಡು ಹೆಸರುಗಳಿವೆ. ಕೇದಗೆಯ ಹೂವಿಗೂ ಹೊನ್ನಿಗೂ ಹೋಲಿಸಿದ ಸುವರ್ಣ ಕೇದಗೆ ಎಂಬುದು ಮೊದಲಿನದು. ಕಾಡುಪಾಲಾದ ಅವಳನ್ನು ಸಾಯನ ಬೈದ್ಯ ಮನೆಗೆ ಕರೆತಂದ ಮೇಲೆ ಅವಳು ದೇಯಿ ಬೈದೆತಿಯಾದಳು. ‘ದೇಯಿ’ಯಲ್ಲಿ ‘ದೇವಿ’ಯ ಸವೆದ ರೂಪ ಕಾಣುತ್ತದೆ, ‘ಬೈದೆತಿ’ ಎಂಬುದು ‘ಬೈದ್ಯ’ದ ಸ್ತ್ರೀಲಿಂಗ. ಪಡುಮಲೆಯ ಬಲ್ಲಾಳನ ಕಾಲಿನ ಗಾಯವನ್ನು ಗುಣಪಡಿಸಿದ ಈ ಮದ್ದುಬಲ್ಲವಳಿಗೆ ಅದು ಅನ್ವರ್ಥವೂ ಹೌದು. ವೀರರ ಅಕ್ಕ ಕಿನ್ನಿದಾರು. ತುಳುವಿನಲ್ಲಿ ‘ಕಿನ್ನಿ’ ಎಂದರೆ ಚಿಕ್ಕ. ಹಾಗಾಗಿ ಅವಳು ‘ಚಿಕ್ಕ ದಾರು’. ಸಿರಿಯ ಕಥೆಯ ಸೇವಕಿಗೂ ಈ ಕಥೆಯ ಮನೆಮಗಳಿಗೂ ಒಂದೇ ಹೆಸರು ಸಲ್ಲುತ್ತಿತ್ತು.

ವಾರದ ಹೆಸರುಗಳು

ದುಡಿಯುವ ಕುಟುಂಬಗಳಲ್ಲಿ ಮಗು ಹುಟ್ಟಿದ ವಾರವೇ ಹೆಸರಾಗುವ ರೂಢಿ ದೀರ್ಘಕಾಲವಿತ್ತು. ಶುಕ್ರವಾರದ ಗಂಡುಮಗು ತುಕ್ರ, ಹೆಣ್ಣುಮಗು ತುಕ್ರು, ಶನಿವಾರದವನು ತನಿಯ. ಹಳ್ಳಿಯ ತುಳುವಿನಲ್ಲಿ ‘ಸ’ಕಾರ ‘ತ’ಕಾರವಾಗುವುದರಿಂದ ಈ ರೂಪಗಳು ಬಂದಿವೆ. ಇವು ಶಾಲೆಯ ಹಾಜರಿ ಪುಸ್ತಕದಿಂದ ಬೇಗನೆ ಮಾಯವಾದವು. ಹೆಸರು ಕೇಳಿದೊಡನೆ ಜಾತಿ ತಿಳಿಯುವ ಊರಿನಲ್ಲಿ ಅದನ್ನು ಬದಲಿಸಿಕೊಂಡವರನ್ನು ದೂರಲಾಗದು.

ಇಂದಿನ ಬಳಕೆ

ಸಿರಿ ಎಂಬ ಹೆಸರು ಈಗ ಕರ್ನಾಟಕದಾದ್ಯಂತ ಪುಟ್ಟ ಮಕ್ಕಳ ಹೆಸರಾಗಿ ಮರಳಿದೆ. ಇಡುವವರೆಲ್ಲರಿಗೂ ಪಾಡ್ದನದ ಪರಿಚಯವಿದೆಯೆಂದಲ್ಲ. ಅಬ್ಬಕ್ಕನ ಹೆಸರನ್ನು ಬಂಟ್ವಾಳದ ಬಿ.ಸಿ. ರೋಡಿನಲ್ಲಿರುವ ತುಳು ಅಧ್ಯಯನ ಕೇಂದ್ರ ಹೊತ್ತಿದೆ. 2012ರಲ್ಲಿ ಸೇವೆಗೆ ಸೇರಿದ ಕರಾವಳಿ ರಕ್ಷಣಾ ಪಡೆಯ ಗಸ್ತು ಹಡಗಿಗೂ ಆ ಹೆಸರನ್ನೇ ಇಡಲಾಗಿದೆ. ಸೊನ್ನೆ, ಗಿಂಡೆ, ದಾರಗ ಎಂದು ಮಕ್ಕಳನ್ನು ಕರೆಯುವವರು ವಿರಳ. ನಂದಳಿಕೆ, ಹಿರಿಯಡ್ಕ, ಕವತ್ತಾರುಗಳ ಸಿರಿಜಾತ್ರೆಯ ರಾತ್ರಿ ಮಾತ್ರ ಪಿಂಗಾರ ಹಿಡಿದ ಹೆಂಗಸರ ಮೈಮೇಲೆ ಆವೇಶ ಬರುತ್ತದೆ. ಯಾರು ಬಂದಿರುವುದೆಂದು ಸಿರಿಯ ಮಗ ಕುಮಾರನ ಆವೇಶ ಹೊತ್ತ ಪಾತ್ರಿ ವಿಚಾರಿಸಿದಾಗ ಒಬ್ಬಳು ತಾನು ಸೊನ್ನೆ ಎನ್ನುತ್ತಾಳೆ, ಮತ್ತೊಬ್ಬಳು ತಾನು ದಾರಗ ಎನ್ನುತ್ತಾಳೆ.