ಧಾತು–ಈಶ್ವರ ಸಂವತ್ಸರಗಳ ಬರ ಮತ್ತು ಪರಿಹಾರದ ನಿಯಮಗಳು

ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಆವರಿಸಿದ ಮಹಾಕ್ಷಾಮವು ಕನ್ನಡ ನಾಡು ಕಂಡ ಅತಿ ಭೀಕರ ವಿಪತ್ತುಗಳಲ್ಲೊಂದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದುದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಕುಸಿಯಿತು. ಮುಂಬಯಿ ಪ್ರಾಂತ್ಯದ ಕಲಾದಗಿ, ಧಾರವಾಡ, ಬೆಳಗಾವಿ ಜಿಲ್ಲೆಗಳೂ ಮದರಾಸು ಪ್ರಾಂತ್ಯದ ಬಳ್ಳಾರಿಯೂ ಇದೇ ಸಂಕಟಕ್ಕೆ ಗುರಿಯಾದವು.

ಮಳೆ ತಪ್ಪಿದುದು ನಿಜ. ಆದರೆ ದೇಶದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಹೊರದೇಶಗಳಿಗೆ ರಫ್ತು ನಡೆದೇ ಇತ್ತು. ಬೆಲೆ ಏರಿತು, ಹೊಲದ ಕೂಲಿ ನಿಂತಿತು. ಕೊಳ್ಳುವ ಶಕ್ತಿ ಮೊದಲು ಕಳೆದುಕೊಂಡವರು ಭೂಮಿಯಿಲ್ಲದ ಕೂಲಿಕಾರರು ಮತ್ತು ನೇಕಾರರು.

ಸರ್ಕಾರವು ಕೆರೆ, ರಸ್ತೆಗಳ ಕಾಮಗಾರಿ ತೆರೆದು ದುಡಿದವರಿಗೆ ಕೂಲಿ ಕೊಟ್ಟಿತು. 1877ರ ಆರಂಭದಲ್ಲಿ ರಿಚರ್ಡ್ ಟೆಂಪಲ್ ಅವರು ಮಿತವ್ಯಯದ ಹೆಸರಿನಲ್ಲಿ ಆ ಕೂಲಿಯನ್ನು ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕೆಲವು ತಿಂಗಳುಗಳ ನಂತರ ಅಲ್ಲಿ ಕೂಲಿ ಹೆಚ್ಚಿತು. ಅಷ್ಟರಲ್ಲಿ ಸೊರಗಿದ ದೇಹಗಳಿಗೆ ಅದು ತಡವಾಗಿತ್ತು. ಇಂತಹ ಕೂಲಿಪರೀಕ್ಷೆಗೆ ಶರಣರ ಕಾಯಕತತ್ತ್ವವನ್ನು ಬೆಂಬಲವಾಗಿ ಎಳೆಯುವವರುಂಟು, ಅದು ಸಲ್ಲದು. ಕಾಯಕವು ಬಲವುಳ್ಳವನು ತಾನಾಗಿ ಕೈಗೊಳ್ಳುವ ದುಡಿಮೆ, ಹಸಿದವನು ನಿಜವಾಗಿ ಹಸಿದಿರುವನೇ ಎಂದು ಅಳೆಯುವ ಕೋಲಲ್ಲ. ದಾಸೋಹವಂತೂ ಉಣ್ಣುವವನ ಅರ್ಹತೆಯನ್ನು ಕೇಳುವುದೇ ಇಲ್ಲ.

ಆದರೆ ಅನ್ನ ನೀಡಿಕೆಗೂ ವ್ಯವಸ್ಥೆ ಬೇಕು. ಗಂಜಿಕೇಂದ್ರಗಳು ಪಟ್ಟಣಗಳಲ್ಲಿದ್ದರೆ ಹಳ್ಳಿಯ ಜನರು ಮನೆ ಬಿಟ್ಟು ನಡೆದು ಬರಬೇಕು. ದಾರಿಯಲ್ಲೇ ಬೀಳುವವರು ಕೆಲವರು, ದಟ್ಟಣೆಯಲ್ಲಿ ಹರಡುವ ಕಾಲರಾ, ಆಮಶಂಕೆಗಳಿಗೆ ಬಲಿಯಾಗುವವರು ಮತ್ತೆ ಕೆಲವರು. ನೆರವು ಊರಲ್ಲೇ, ಮೈಯಲ್ಲಿ ತ್ರಾಣವಿರುವಾಗಲೇ ತಲುಪಬೇಕೆಂಬ ಅರಿವು ಈ ಅನುಭವದಿಂದ ಮೂಡಿತು.

ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ವರದಿ ಸಲ್ಲಿಸಿತು. ಮೈಸೂರಿನಲ್ಲಿ ಕ್ಷಾಮಾಧಿಕಾರಿಯಾಗಿದ್ದ ಚಾರ್ಲ್ಸ್ ಎಲಿಯಟ್ ಅದರ ಕಾರ್ಯದರ್ಶಿ. 1883ರಲ್ಲಿ ಕ್ಷಾಮಸಂಹಿತೆಯ ಕರಡು ಸಿದ್ಧವಾಯಿತು. ಬೆಲೆಯೇರಿಕೆ, ಜನರ ಗುಳೆ ಮೊದಲಾದ ಮುನ್ಸೂಚನೆಗಳನ್ನು ಗಮನಿಸುವುದು, ಕಾಮಗಾರಿಗಳ ಯೋಜನೆಯನ್ನು ಮೊದಲೇ ಸಿದ್ಧವಿಡುವುದು, ದುಡಿಯಲಾರದ ವೃದ್ಧರು, ರೋಗಿಗಳು, ಅನಾಥರ ಪಟ್ಟಿ ಮಾಡಿ ಊರಲ್ಲೇ ನೆರವು ನೀಡುವುದು ಕ್ಷಾಮಸಂಹಿತೆಗಳ ತಿರುಳು. ಕಲ್ಲೊಡೆಯಲು ಹೋದ ನೇಕಾರನ ಬೆರಳು ಮರಳಿ ಮಗ್ಗಕ್ಕೆ ಒಗ್ಗುವುದು ಕಷ್ಟ. ಆದ್ದರಿಂದ ಅವನಿಗೆ ಅವನ ಕಸುಬಿನಲ್ಲೇ ಕೆಲಸ ಕೊಡುವ ಅವಕಾಶವನ್ನೂ ಸಂಹಿತೆಗಳು ಕಲ್ಪಿಸಿದವು. ಕಾಯಕದ ಅರ್ಥಕ್ಕೆ ಹತ್ತಿರವಾದ ಅಂಶ ಇದೇ.

ಸಾರ್ವಜನಿಕ ದೇಣಿಗೆಯ ಕಥೆ ಬೇರೆ. 1877ರಲ್ಲಿ ಮದರಾಸಿನ ಸಭೆಯ ಮನವಿಯ ಮೇರೆಗೆ ಲಂಡನ್ ಮೊದಲಾದ ಕಡೆಗಳಲ್ಲಿ ನಿಧಿ ಸಂಗ್ರಹವಾಯಿತು. ಅದರ ಬಹುಪಾಲು ಗಂಜಿಗೆ ವೆಚ್ಚವಾಗಲಿಲ್ಲ. ಮಳೆ ಮರಳಿದಾಗ ಎತ್ತು, ಬಿತ್ತನೆ ಬೀಜ, ಮನೆಯ ಸೂರು ಯಾವುದೂ ಉಳಿಯದಿದ್ದ ರೈತರಿಗೆ ಅದು ಹಂಚಿಕೆಯಾಯಿತು.