ಸಿಂಧೂ ನೀರಿನಿಂದ ಕೊರಿಯಾ ಕದನದವರೆಗೆ

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. 1892ರಲ್ಲಿ ಮೈಸೂರು ಸಂಸ್ಥಾನ ಮತ್ತು ಮದ್ರಾಸ್ ಸರ್ಕಾರ ಮಾಡಿಕೊಂಡ ಒಪ್ಪಂದದಲ್ಲಿ ಕಾವೇರಿಯಷ್ಟೇ ಅಲ್ಲ, ಉತ್ತರ ಪಿನಾಕಿನಿ, ವೇದಾವತಿಗಳ ಹೆಸರೂ ಇತ್ತು. ಮೇಲಿನವರು ಆ ಹೊಳೆಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಕೆಳಗಿನವರ ಒಪ್ಪಿಗೆ ಪಡೆಯಬೇಕಿತ್ತು. ಒಂದು ಕಡೆ ದೇಶೀ ಸಂಸ್ಥಾನ, ಇನ್ನೊಂದು ಕಡೆ ಬ್ರಿಟಿಷರದೇ ಪ್ರಾಂತ. ಸಮಬಲರ ಮಾತುಕತೆ ಅದಾಗಿರಲಿಲ್ಲ.

ಇಂಥ ಜಗಳಗಳಿಗೆ ನ್ಯಾಯದ ಅಳತೆಗೋಲು ಹುಡುಕಿದವರು ಮಂಗಳೂರಿನ ಬೆನಗಲ್ ನರಸಿಂಗ ರಾವ್. 1887ರಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ ಐಸಿಎಸ್ ಸೇರಿದವರು. ಪಂಜಾಬಿನ ಅಣೆಕಟ್ಟು ಯೋಜನೆಗಳಿಂದ ತನ್ನ ಸಿಂಧೂ ಕಾಲುವೆಗಳು ಬತ್ತುತ್ತವೆ ಎಂದು ಸಿಂಧ್ ಪ್ರಾಂತ ದೂರಿದಾಗ, 1941ರಲ್ಲಿ ನೇಮಕವಾದ ಆಯೋಗಕ್ಕೆ ಅವರೇ ಅಧ್ಯಕ್ಷರು. ಜೊತೆಗಿದ್ದವರು ಇಬ್ಬರು ಎಂಜಿನಿಯರುಗಳು. ಮರುವರ್ಷ ಬಂದ ವರದಿ ನೀರಿಗೆ ಒಡೆತನದ ಮಾತನ್ನೇ ಒಪ್ಪಲಿಲ್ಲ: ಇಂಥ ವ್ಯಾಜ್ಯಕ್ಕೆ ಪರಸ್ಪರ ಒಪ್ಪಂದವೇ ಒಳ್ಳೆಯ ಮದ್ದು, ಅದಾಗದಿದ್ದರೆ ಇಡೀ ನದಿಯನ್ನು ಒಂದಾಗಿ ನೋಡಿ ನ್ಯಾಯವಾಗಿ ಹಂಚಬೇಕು. ಎರಡೂ ಪ್ರಾಂತಗಳಿಗೆ ವರದಿ ರುಚಿಸಲಿಲ್ಲ. ಎಂಜಿನಿಯರುಗಳು 1945ರಲ್ಲಿ ಒಂದು ಕರಡಿಗೆ ಬಂದರೂ ಹಣದ ಲೆಕ್ಕ ಕುದುರಲಿಲ್ಲ. ಅಷ್ಟರಲ್ಲಿ ದೇಶವೇ ಎರಡಾಯಿತು.

ಆ ಹೊತ್ತಿಗೆ ರಾವ್ ಸಂವಿಧಾನ ಸಭೆಯ ಸಲಹೆಗಾರರು. ಅಮೆರಿಕ, ಕೆನಡಾ, ಐರ್ಲೆಂಡ್ ಸುತ್ತಿ ಅಲ್ಲಿನವರ ಅನುಭವ ಕೇಳಿ ಬಂದರು; ಅವರು ಸಿದ್ಧಪಡಿಸಿದ ಮೊದಲ ಕರಡಿನಲ್ಲಿ 243 ವಿಧಿಗಳಿದ್ದವು. ಬರ್ಮಾದ ಸಂವಿಧಾನಕ್ಕೂ ನೆರವಾದರು.

ನಿಜವಾದ ಪರೀಕ್ಷೆ ಬಂದದ್ದು ನ್ಯೂಯಾರ್ಕಿನಲ್ಲಿ. 1950ರ ಜೂನ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷತೆಯ ಸರದಿ ಭಾರತದ್ದು, ಅದರ ಪ್ರತಿನಿಧಿಯಾಗಿ ಕುರ್ಚಿಯಲ್ಲಿದ್ದವರು ರಾವ್. 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿತು. ಕದನ ನಿಲ್ಲಿಸಿರೆಂಬ ಅಂದಿನ ನಿರ್ಣಯಕ್ಕೆ ಭಾರತ ಮತ ಹಾಕಿತು. ಎರಡು ದಿನ ಕಳೆದು, ದಕ್ಷಿಣಕ್ಕೆ ನೆರವು ಕಳಿಸುವ ನಿರ್ಣಯ ಬಂದಾಗ ದೆಹಲಿಯ ಸೂಚನೆ ತಲುಪಿರಲಿಲ್ಲ. ರಾವ್ ಮತದಾನದಲ್ಲಿ ಭಾಗವಹಿಸಲಿಲ್ಲ. ಸಭೆ ನಡೆಸುವವನೇ ಮತ ಹಾಕದೆ ಕೂರಬೇಕಾದ ಪೇಚು! ಸೋವಿಯತ್ ಪ್ರತಿನಿಧಿಯಂತೂ ಸಭೆಗೇ ಬರುತ್ತಿರಲಿಲ್ಲ.

ಚೀನಾ ಕದನಕ್ಕಿಳಿದ ಮೇಲೆ, ಡಿಸೆಂಬರ್‌ನಲ್ಲಿ ಮಹಾಸಭೆ ಕದನವಿರಾಮಕ್ಕಾಗಿ ಮೂವರ ತಂಡ ಮಾಡಿತು: ಇರಾನಿನ ನಸ್ರೊಲ್ಲಾ ಎಂತೆಝಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ರಾವ್. ಅವರು ಕೊಟ್ಟ ಐದು ಅಂಶಗಳ ಸೂತ್ರ ಮೊದಲು ಗುಂಡು ನಿಲ್ಲಲಿ, ಉಳಿದದ್ದು ಆಮೇಲೆ ಎನ್ನುತ್ತಿತ್ತು. ಮಾತುಕತೆ ಮೊದಲು, ವಿರಾಮ ಆಮೇಲೆ ಎಂದು ಬೀಜಿಂಗ್ ಹಟ ಹಿಡಿಯಿತು. 1951ರ ಫೆಬ್ರವರಿ 1ರಂದು ಮಹಾಸಭೆ ಚೀನಾವನ್ನು ಆಕ್ರಮಣಕಾರಿ ಎಂದಿತು. ಸೋವಿಯತ್ ಬಣದ ಹೊರಗೆ ಅದನ್ನು ವಿರೋಧಿಸಿದವರು ಭಾರತ ಮತ್ತು ಬರ್ಮಾ ಮಾತ್ರ. ಆ ಹಣೆಪಟ್ಟಿ ಹಚ್ಚಿದರೆ ಎದುರಿನವನು ಮೇಜಿಗೆ ಬರುವುದಿಲ್ಲವೆಂಬ ಭಾರತದ ವಾದ ಅಮೆರಿಕಕ್ಕೆ ಹೇಡಿತನವಾಗಿ ಕಂಡಿರಬಹುದು. ಆದರೆ ಮುಂದೆ ಅದೇ ಚೀನಾದೊಡನೆ ಕುಳಿತೇ ವಿರಾಮದ ಮಾತಾಡಬೇಕಾಯಿತು, ಅದೂ ಎರಡು ವರ್ಷ.

1952ರಲ್ಲಿ ರಾವ್ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾದರು. ಕೊರಿಯಾ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಮನೆಗೆ ಮರಳಲು ಒಪ್ಪದ ಸೆರೆಯಾಳುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಮಾತ್ರ ಉಳಿದಿತ್ತು. ಅದನ್ನು ಬಿಡಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಭಾರತದ ಪಾಲಿಗೆ ಬಂತು. ಅಧ್ಯಕ್ಷರಾಗಿ ಹೋದ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಆ ಕೆಲಸದ ನಡುವೆ ಇದ್ದಾಗಲೇ, ನವೆಂಬರ್ 30ರಂದು, ರಾವ್ ಜ್ಯೂರಿಚ್‌ನಲ್ಲಿ ತೀರಿಕೊಂಡರು.